ಬಾಕಿ ಉಳಿದ ದಿನ

ಮಳೆಗಾಲ ಶುರುವಾಗಿ ಮೂರು ವಾರವಾಗಿತ್ತು. ಮೊನ್ನೆ ಸುರಿದ ದೊಡ್ಡ ಮಳೆಗೆ ಹೊಲಗಳ ಮಣ್ಣು ಕೊಚ್ಚಿಕೊಂಡು ಹಳ್ಳದ ತುಂಬ ಇಳಿದು ಕೆರೆಗೆ ಸೇರುತ್ತಿತ್ತು. ಇನ್ನೂ ಬೆಳಕು ಸರಿಯಾಗಿ ಬಿಟ್ಟಿರಲಿಲ್ಲ. ಮಗಳು ದೋಣಿಯೊಳಗೆ ನಿಂತ ನೀರನ್ನು ತಗಡಿನ ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದಳು. ಅಪ್ಪ ದಡದ ಕಲ್ಲಿನ ಮೇಲೆ ಕುಳಿತು ಗಾಳದ ದಾರಕ್ಕೆ ಮೀನನ್ನು ಮರುಳು ಮಾಡುವ ರಬ್ಬರಿನ ಕಪ್ಪೆ ಕಟ್ಟುತ್ತಿದ್ದ. ಗಂಟು ಹಾಕುವಾಗ ಅವನು ದಾರವನ್ನು ನೋಡುತ್ತಿರಲಿಲ್ಲ. ಬೆರಳೇ ನೋಡಿಕೊಳ್ಳುತ್ತಿತ್ತು. ಎರಡು ವರ್ಷದಿಂದ ಹಾಗೆಯೇ. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಎತ್ತಿದರೆ ಅವನು ಅನ್ನದ ತಟ್ಟೆ ಬಿಟ್ಟು ಏಳುತ್ತಿದ್ದ.

ಆ ಕೆರೆಯಲ್ಲಿ ಗಾಳ ಹಾಕಲು ಹೊರಗಿನಿಂದ ಬರುವವರನ್ನು ಕರೆದೊಯ್ಯುವ ದೋಣಿಗಳು ಐದೇ ಐದು. ಐದಕ್ಕೂ ಒಂದೇ ಕಟ್ಟಳೆ. ದೋಣಿ ಹತ್ತಿದವರು ಬರಿಗೈಲಿ ದಡ ಸೇರಿದರೆ ದೋಣಿಯವನು ಅವರಿಗೆ ಇನ್ನೊಂದು ದಿನ ಬಾಕಿ. ಆ ದಿನ ಕೊಟ್ಟು, ಮೀನು ದೋಣಿಯೊಳಗೆ ಬಿದ್ದ ಮೇಲೆಯೇ ಬಾಕಿ ತೀರುವುದು. ಬಾಕಿ ಇರುವ ದೋಣಿಯನ್ನು ಮಗನಿಗಾಗಲಿ ಮಗಳಿಗಾಗಲಿ ಬಿಟ್ಟುಕೊಡುವ ಹಾಗಿಲ್ಲ. ಅಪ್ಪನ ಮೂವತ್ತು ವರ್ಷದ ದುಡಿಮೆಯಲ್ಲಿ ಬಾಕಿ ಉಳಿದದ್ದು ಒಂದೇ ಒಂದು ದಿನ, ಅದೂ ಕಣ್ಣು ಮಂಜಾಗತೊಡಗಿದ ವರ್ಷದ್ದು. ನಾಳೆ ದೋಣಿಕಟ್ಟೆಯ ಹಲಗೆಯ ಮೇಲೆ ಈ ಸಲ ಹುಟ್ಟು ಹಾಕುವ ಐವರ ಹೆಸರು ಬರೆಯುತ್ತಾರೆ. ಇವತ್ತು ಬಾಕಿ ತೀರಿದರೆ ಐದನೆಯ ಹೆಸರು ಮಗಳದು. ಇಲ್ಲವಾದರೆ ದೋಣಿ ವರ್ಷವಿಡೀ ಮನೆಯ ಹಿಂದೆ ಬೋರಲು ಬಿದ್ದಿರಬೇಕು.

"ಬಂದೆ ಬಂದೆ, ಬಿಟ್ಟು ಹೋಗ್ಬೇಡ್ರಪ್ಪ!" ಎನ್ನುತ್ತ ಟೈಲರಮ್ಮ ಇಳಿಜಾರಿನಲ್ಲಿ ಏದುಸಿರು ಬಿಡುತ್ತ ಬಂದಳು. ಬಾಕಿ ಇದ್ದದ್ದು ಅವಳಿಗೇ. ಪೇಟೆಯಲ್ಲಿ ಅವಳ ಹೊಲಿಗೆ ಅಂಗಡಿ. ವರ್ಷವಿಡೀ ಮಿಷಿನ್ನಿನ ಮೇಲೆ ಬಗ್ಗಿದ್ದು ಬೆನ್ನು ಬಾಗಿತ್ತು. ಕೊರಮೀನು ಹಿಡಿಯುವ ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

"ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗೋದು ತಾಯಿ," ಎಂದ ಅಪ್ಪ. "ಮೂರು ವರ್ಷದಿಂದ ಕನಸಲ್ಲೂ ಬಂದು ಬಾಕಿ ಕೇಳ್ತಿದೀರ."

"ಕನಸಲ್ಲಿ ಬರೋಕೆ ನನಗೇನು ಕೆಲಸ ಇಲ್ವಾ? ಜಾಕೀಟು ಹೊಲಿಯೋದೇ ಮುಗಿಯಲ್ಲ."

ಅಪ್ಪ ಮುಂದೆ ಕುಳಿತ, ಟೈಲರಮ್ಮ ನಡುವೆ, ಮಗಳು ಹುಟ್ಟು ಹಿಡಿದಳು.

"ಹಳ್ಳದ ಬಾಯಿಗೆ ಬಿಡು," ಎಂದ ಅಪ್ಪ. ಬೇಸಿಗೆಯಲ್ಲಿ ಆಳಕ್ಕಿಳಿದು ಮಲಗಿದ ಕೊರಮೀನು ಹೊಸ ನೀರಿನ ವಾಸನೆಗೆ ಎದ್ದು ಬರುತ್ತದೆ, ಹಳ್ಳ ಕೆರೆಗೆ ಸೇರುವ ಕಡೆ ಕೊಚ್ಚಿಕೊಂಡು ಬರುವ ಕಪ್ಪೆ, ಹುಳ, ಏಡಿಗಾಗಿ ಹೊಂಚುತ್ತದೆ. ಅದನ್ನು ಅವಳಿಗೆ ಕಲಿಸಿದವನೇ ಅವನು.

ಆದರೆ ಹಳ್ಳದ ಬಾಯಿ ಕಂಡೊಡನೆ ಅವಳು ಹುಟ್ಟು ಹಾಕುವುದನ್ನು ನಿಧಾನ ಮಾಡಿದಳು. ನೀರು ಕೆಸರುಗೆಂಪಾಗಿ, ಗಂಜಿಯಷ್ಟು ಮಂದವಾಗಿ ಬಂದು ಬೀಳುತ್ತಿತ್ತು. ಅಂಥ ನೀರಲ್ಲಿ ಮೀನಿಗೆ ತನ್ನ ಮೂಗೇ ಕಾಣದು, ಇನ್ನು ಕಪ್ಪೆ ಎಲ್ಲಿಂದ ಕಾಣಬೇಕು?

"ಅಪ್ಪ, ಸ್ವಲ್ಪ ಈಚೆ ನಿಲ್ಲಿಸ್ಲಾ?"

"ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ಹೇಳಿಕೊಡ್ತೀಯಾ? ಬಾಗಿದ ಮರದ ನೇರಕ್ಕೆ ನಿಲ್ಲಿಸು."

ಅವಳು ತುಟಿ ಬಿಗಿದು ನಿಲ್ಲಿಸಿದಳು. ಟೈಲರಮ್ಮ ಕಪ್ಪೆಯನ್ನು ಎಸೆದಳು, ಎಳೆದಳು, ಎಸೆದಳು. ಬಿಸಿಲು ಏರಿತು. ಹತ್ತಾಯಿತು, ಹನ್ನೊಂದಾಯಿತು. ಗಾಳಕ್ಕೆ ಸಿಕ್ಕಿದ್ದು ಒಂದು ಹರಕು ಗೋಣಿಚೀಲ, ಇನ್ನೊಂದು ಸಲ ಯಾರದೋ ಚಪ್ಪಲಿ.

"ಇನ್ನೊಂದು ಸಿಕ್ಕಿದ್ರೆ ಜೋಡಿ ಆಗತ್ತೆ," ಎಂದು ಟೈಲರಮ್ಮ ಚಪ್ಪಲಿಯನ್ನು ಕಾಲಿಗೆ ಅಳತೆ ನೋಡಿದಳು.

ಅಪ್ಪ ನಗಲಿಲ್ಲ. ಅವನು ಮುಖವನ್ನು ನೀರಿನ ಕಡೆ ಹಿಡಿದೇ ಕುಳಿತಿದ್ದ. ಕೊನೆಗೆ ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿದ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ, ಮೂಗಿನ ಹತ್ತಿರ ತಂದ. ಮಗಳು ಹುಟ್ಟನ್ನು ಅಲ್ಲಾಡಿಸದೆ ಹಿಡಿದಿದ್ದಳು.

"ಬರೀ ಮಣ್ಣು," ಎಂದ. ಕೈಯನ್ನು ಪಂಚೆಗೆ ಒರೆಸಿಕೊಂಡು, ಟೈಲರಮ್ಮ ಕೇಳಿಸಿಕೊಳ್ಳುವ ಹಾಗೆಯೇ ಎಂದ, "ಮಗಾ, ನನಗೆ ಬಣ್ಣ ಕಾಣ್ತಿಲ್ಲ. ಕೆಂಪು ನೀರು ಎಲ್ಲಿ ಮುಗಿದು ತಿಳಿನೀರು ಎಲ್ಲಿ ಶುರುವಾಗತ್ತೆ, ನೋಡಿ ಹೇಳು."

ಮನೆಯಲ್ಲಿ ಎರಡು ವರ್ಷ ಯಾರ ಬಾಯಿಂದಲೂ ಹೊರಡದ ಮಾತು ದೋಣಿಯ ಮಧ್ಯೆ ಬಂದು ಬಿದ್ದಿತ್ತು. ಟೈಲರಮ್ಮ ಗಾಳದ ದಾರದಲ್ಲಿ ಏನೋ ತೊಡಕು ಬಿಡಿಸುವವಳಂತೆ ತಲೆ ಬಗ್ಗಿಸಿದಳು.

ಮಗಳು ಎದ್ದು ನಿಂತಳು. ಹುಬ್ಬಿನ ಮೇಲೆ ಕೈ ಇಟ್ಟು ನೋಡಿದಳು.

"ಹಳ್ಳದ ಬಾಯಿಂದ ನೂರು ಮಾರು ಆಚೆಗಿದೆ ಅಪ್ಪ. ಸೀರೆ ಅಂಚಿನ ಹಾಗೆ ಒಂದೇ ಗೆರೆ. ಎಡಗಡೆ ಜೊಂಡಿನ ತನಕ ಹೋಗಿ ಅಲ್ಲಿ ಒಳಗೆ ತಿರುಗತ್ತೆ."

"ಜೊಂಡಿನ ಹತ್ರ ತಿರುಗತ್ತಾ? ತಿರುಗೋ ಕಡೆ ನೀರಿನ ಮೇಲೆ ಕಸಕಡ್ಡಿ ಏನಾದ್ರೂ ನಿಂತಿದೆಯಾ?"

"ಇದೆ. ಸುತ್ತು ಹೊಡೀತಾ ಇದೆ."

ಅಪ್ಪನ ಬೆನ್ನು ನೆಟ್ಟಗಾಯಿತು. "ಅಲ್ಲೇ ಇದಾನೆ. ತಿಳಿನೀರಲ್ಲಿ ಮೈ ಇಟ್ಟು ಕೆಂಪು ನೀರಿನ ಕಡೆ ಬಾಯಿ ತೆರೆದು ಕೂತಿರ್ತಾನೆ. ಹುಟ್ಟಿನ ಸದ್ದು ಬೇಡ. ಗಾಳಿಗೆ ಬಿಡು, ಅದೇ ತಗೊಂಡು ಹೋಗತ್ತೆ."

ದೋಣಿ ಸದ್ದಿಲ್ಲದೆ ಜಾರಿತು. ಟೈಲರಮ್ಮನ ಮೂರನೆಯ ಎಸೆತಕ್ಕೆ ನೀರು ಬಾಯ್ಬಿಟ್ಟ ಹಾಗೆ ಸದ್ದಾಗಿ ಕಪ್ಪೆ ಮಾಯವಾಯಿತು.

"ಮೂರು ಎಣಿಸಿ ಎಳೀರಿ!" ಎಂದ ಅಪ್ಪ.

ಟೈಲರಮ್ಮ ಎಣಿಸಿದಳೋ ಇಲ್ಲವೋ, ಗಾಳದ ಕೋಲನ್ನು ಎತ್ತಿಬಿಟ್ಟಳು. ತೋಳಿನಷ್ಟು ಉದ್ದದ ಕಪ್ಪು ಮೈ ಒಮ್ಮೆ ಮಗುಚಿತು, ದಾರ ಸಡಿಲವಾಯಿತು. ಕಪ್ಪೆ ಹಾರಿ ಬಂದು ಅಪ್ಪನ ಟೋಪಿಗೆ ಬಡಿಯಿತು.

"ಹೊಲಿಗೆ ಮಿಷಿನ್ ಓಡಿಸೋ ಹಾಗೆ ಎಣಿಸಿದ್ರೆ ಹೇಗೆ ತಾಯಿ?" ಎಂದ ಅಪ್ಪ ಟೋಪಿ ಸರಿಮಾಡಿಕೊಳ್ಳುತ್ತ.

"ಎಣಿಸಿದೆ ಕಣಪ್ಪ! ಒಂದುಎರಡುಮೂರು ಅಂತ!"

ಮೂವರೂ ನಕ್ಕರು. ನಗು ನಿಂತ ಮೇಲೆ ಮಗಳು ಮೀನು ಮುಳುಗಿದ ಜಾಗವನ್ನೇ ನೋಡಿದಳು. ಒಮ್ಮೆ ಬೆದರಿದ ಕೊರಮೀನು ಅದೇ ದಿನ ಮತ್ತೆ ಬಾಯಿ ತೆರೆಯುವುದು ಅಪರೂಪ. ಗೆರೆಯುದ್ದಕ್ಕೂ ಎರಡು ಸಲ ಹೋಗಿಬಂದರು. ಬುತ್ತಿ ಬಿಚ್ಚಿ ತಿಂದರು. ಬಿಸಿಲು ಇಳಿಮುಖವಾಯಿತು. ಏನೂ ಇಲ್ಲ.

ಸಂಜೆಯಾಗುತ್ತ ಬಂದಾಗ ಜೊಂಡಿನ ಸಂದಿಯಲ್ಲಿ ಅವಳಿಗೆ ಅದು ಕಂಡಿತು. ನೀರಿನ ಮೇಲೆ ಒಂದು ಮೊರದಷ್ಟು ಜಾಗ ಸಣ್ಣಗೆ ಕುದಿಯುತ್ತಿತ್ತು. ಕೆಂಪಗೆ, ಬೆರಳ ಉಗುರಿನಷ್ಟಿನ ನೂರಾರು ಮರಿಗಳು ಉಸಿರಿಗಾಗಿ ಮೇಲೆ ಬಂದು ಮುಳುಗುತ್ತಿದ್ದವು. ಅವುಗಳ ಕೆಳಗೆ ಕಾವಲಿಗೆ ತಂದೆಯೋ ತಾಯಿಯೋ ಇರಲೇಬೇಕು. ಮರಿಗಳ ಮೇಲೆ ಏನೇ ಬಿದ್ದರೂ ಅದು ಹಸಿವಿಲ್ಲದಿದ್ದರೂ ನುಗ್ಗಿ ಕಚ್ಚುತ್ತದೆ. ಅಲ್ಲಿ ಕಪ್ಪೆ ಎಸೆಯಲು ಎಣಿಕೆಯೂ ಬೇಡ, ಕಲೆಯೂ ಬೇಡ. ಆದರೆ ಕಾವಲು ತಪ್ಪಿದ ಮರಿಗಳನ್ನು ಬೆಳಗಾಗುವುದರೊಳಗೆ ಉಳಿದ ಮೀನುಗಳು ಮುಗಿಸಿಬಿಡುತ್ತವೆ.

ಅಪ್ಪನಿಗೆ ಕಾಣುತ್ತಿರಲಿಲ್ಲ. ಟೈಲರಮ್ಮ ಆಚೆ ಕಡೆ ತಿರುಗಿದ್ದಳು. 'ಈಚೆ ಎಸೀರಿ' ಎಂದರೆ ಸಾಕು, ಎರಡೇ ಮಾತು. ಬಾಕಿ ತೀರುತ್ತದೆ, ನಾಳೆ ಹೆಸರು ಹತ್ತುತ್ತದೆ, ದೋಣಿ ನೀರಲ್ಲಿರುತ್ತದೆ. ಆ ಮಾತು ಅವಳ ಬಾಯಿಯವರೆಗೆ ಬಂದಿತು. ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದಳು.

"ಏನಾಯ್ತು? ಯಾಕೆ ಹುಟ್ಟು ನಿಲ್ಲಿಸಿದೆ?" ಎಂದ ಅಪ್ಪ.

"ಮರಿ ಇವೆ ಅಪ್ಪ," ಎಂದಳು. "ಕೆಂಪು ಮರಿ. ಒಂದು ಮೊರದಷ್ಟು."

ಟೈಲರಮ್ಮ ತಿರುಗಿ ಇಣುಕಿ ನೋಡಿದಳು. ಕೋಲನ್ನು ಮೇಲೆತ್ತಿದಳು, ಹಾಗೇ ತಂದು ದೋಣಿಯೊಳಗೆ ಮಲಗಿಸಿದಳು.

"ಬಿಡಿ. ಬಾಣಂತಿ ಮನೆ ಬಾಗಿಲಲ್ಲಿ ನನಗೇನು ಕೆಲಸ?"

"ಸುತ್ತು ಹಾಕಿಕೊಂಡು ಹೋಗು," ಎಂದ ಅಪ್ಪ ಮಗಳಿಗೆ. "ಅಲೆ ಏಳದ ಹಾಗೆ."

ಮಗಳು ದೋಣಿಯನ್ನು ದಡಕ್ಕೆ ತಂದಳು. ಉಳಿದ ನಾಲ್ಕು ದೋಣಿಗಳು ಆಗಲೇ ಬಂದು ಸಾಲಾಗಿ ನಿಂತಿದ್ದವು. ಟೈಲರಮ್ಮ ಇಳಿದು ಸೆರಗಿನ ನೀರು ಹಿಂಡಿಕೊಂಡು ಗಂಟಲು ಸರಿಮಾಡಿಕೊಂಡಳು.

"ನೋಡಿ, ಎಳೆದು ಕೆಡಿಸಿದ್ದು ನಾನು. ಬಾಕಿ ಮನ್ನಾ ಅಂದುಕೊಳ್ಳಿ. ಹುಡುಗಿ ಹೆಸರು ಬರೆಸಿಬಿಡಿ."

"ಮನ್ನಾ ಯಾಕಮ್ಮ? ನಮ್ಮದೇನು ದಿವಾಳಿ ಎದ್ದಿಲ್ಲ," ಎಂದ ಅಪ್ಪ. ಕೋಪ ಬಂದಿತ್ತು, ಆದರೆ ದನಿ ಏರಲಿಲ್ಲ. ಹಗ್ಗ ಕಟ್ಟುತ್ತಿದ್ದ ಮಗಳ ಕಡೆ ಮುಖ ತಿರುಗಿಸಿದ. ಅವಳು ನಿಂತದ್ದು ಅವನು ನೋಡಿದ ಕಡೆಗಿಂತ ಒಂದು ಹೆಜ್ಜೆ ಆಚೆಗೆ. "ಬಾಕಿ ಇರೋ ದೋಣಿ ಕೊಡಬೇಡ ಅಂತ ನಮ್ಮಪ್ಪ ಹೇಳ್ತಿದ್ದ. ತಗೊಂಡೋರು ಆ ಬಾಕೀನ ತಮ್ಮದು ಅಂದುಕೊಳ್ತಾರೋ ಇಲ್ವೋ ಅನ್ನೋ ಅಂಜಿಕೆ ಅವನಿಗೆ. ನನಗೆ ಆ ಅಂಜಿಕೆ ಇಲ್ಲ. ಕಟ್ಟಳೆ ಯಾಕೆ ಮುರಿದೆ ಅಂತ ಕೇಳಿದೋರಿಗೆ ನಾನೇ ಹೇಳ್ತೀನಿ. ಬಾಕಿ ಸಮೇತ ತಗೊಳ್ತೀಯೇನೇ?"

ಪಕ್ಕದ ದೋಣಿಯ ಮುದುಕ ಬಲೆ ಕೊಡವುವುದನ್ನು ನಿಲ್ಲಿಸಿ ಕತ್ತು ಚಾಚಿದ. ನಾಲ್ಕು ದೋಣಿಯವರಲ್ಲಿ ಯಾರೂ ಬೇಡವೆನ್ನಲಿಲ್ಲ.

"ತಗೊಳ್ತೀನಿ," ಎಂದಳು ಮಗಳು. "ಟೈಲರಮ್ಮಾ, ಆ ದಿನ ಇನ್ನು ನನ್ನದು. ನನ್ನ ಹತ್ರ ಕೇಳಿ."

"ಹಾಗಾದ್ರೆ ಈಗಲೇ ಕೇಳ್ತೀನಿ. ಮದುವೆ ಬಟ್ಟೆ ಕೆಲಸ ಮುಗಿಯೋದು ಚಳಿಗಾಲಕ್ಕೆ. ಆಗ ಬಂದ್ರೆ ಮೀನು ಎಲ್ಲಿರತ್ತೆ?"

ಅಪ್ಪ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ.

"ಉತ್ತರದ ಬಂಡೆ ಹತ್ರ," ಎಂದಳು ಮಗಳು. "ಬಂಡೆ ಕಾದು ಸುತ್ತಲ ನೀರು ಬೆಚ್ಚಗಾಗೋ ತನಕ ಅದು ಅಲ್ಲಾಡಲ್ಲ. ನಸುಕಿಗೇ ಓಡಿ ಬರಬೇಡಿ. ಆರಾಮಾಗಿ ಹತ್ತಕ್ಕೆ ಬನ್ನಿ."

"ಹತ್ತೂವರೆ," ಎಂದ ಅಪ್ಪ.