ರಸೆಲ್ ಗೆರೆ ಎಳೆದ ನಕ್ಷೆ

ಕೆನಡಾದ ಉತ್ತರದ ಕಾಡಿನಲ್ಲಿ ಮರಗಳ ಸಮೀಕ್ಷೆಗೆಂದು ದೋಣಿಯಲ್ಲಿ ಹೋಗಿದ್ದ ರಸೆಲ್ ನೀರಿನಲ್ಲಿ ಮುಳುಗಿ ಸತ್ತ. ಮೂರು ತಿಂಗಳ ಮೇಲೆ ಅವನ ಸಾಮಾನಿನ ಪೆಟ್ಟಿಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್ ಆಗಿದ್ದ ಅಕ್ಕ ಇಡಾಳಿಗೆ ಬಂತು. ಬಟ್ಟೆಗಳ ನಡುವೆ, ನೆನೆದು ಒಣಗಿದ ಒಂದು ನಕ್ಷೆಯಿತ್ತು.

"ಅಲ್ಲಿನ ನದಿಯಲ್ಲಿ ಅಬ್ಬಿ ಧುಮುಕೋ ಕಡೆಯಲ್ಲೇ ದೋಣಿ ಬಿಟ್ಟಿರ್ತಾನೆ. ಹುಚ್ಚು ಧೈರ್ಯ ಅವನದು," ಎಂದು ಮಂಗಳೂರಿನಲ್ಲಿದ್ದ ಹಿರಿಯಕ್ಕ ಜೊವಾನಿಟಾ ತೀರ್ಮಾನಿಸಿಬಿಟ್ಟಿದ್ದಳು. ಇಡಾಳೂ ಹಾಗೆಯೇ ನಂಬಿ, ಸತ್ತವನ ಮೇಲೆ ಸಿಟ್ಟು ಇಟ್ಟುಕೊಂಡು ಎರಡು ವರ್ಷ ಕಳೆದಳು. ಡ್ಯೂಟಿ ಮುಗಿಸಿ ಬಂದರೆ ಮಾತಾಡಲು ಆ ಸಿಟ್ಟು ಬಿಟ್ಟು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

೨೦೦೭ರಲ್ಲಿ, ಜೊತೆಗೆ ಕೆಲಸ ಮಾಡುವ ಸಾನ್ವಿ ತನ್ನ ತಂದೆಯ ವಿಷಯ ಹೇಳಿದಳು. ಸತ್ಯನಾರಾಯಣ ಸರ್ವೇ ಇಲಾಖೆಯಲ್ಲಿ ನಕ್ಷೆ ಬರೆದೇ ನಿವೃತ್ತರಾದವರು. ಈಗ ಮೆಲ್ಬರ್ನ್‌ನಲ್ಲಿ ಮಗನ ಮನೆಯಲ್ಲಿದ್ದರು. ಇಡಾ ರಜೆ ಹಾಕಿ, ನಕ್ಷೆ ಹಿಡಿದು ಅಲ್ಲಿನ ಕ್ರೇಗಿಬರ್ನ್ ಬಡಾವಣೆಗೆ ಹೋದಳು.

ಮುದುಕರು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದರು.

"ಈ ಕಂದು ಗೆರೆಗಳು ಒತ್ತೊತ್ತಾಗಿವೆ ನೋಡಮ್ಮ, ಅಲ್ಲಿ ಕಡಿದಾದ ಇಳಿಜಾರು. ನೀಲಿ ನದಿ ಮೇಲೆ ಅಡ್ಡಗೀಟು ಹಾಕಿರೋದೇ ಅಬ್ಬಿ. ನಿನ್ನ ತಮ್ಮ ಎಳೆದ ಪೆನ್ಸಿಲ್ ಗೆರೆ ಅದಕ್ಕಿಂತ ಮುಂಚೆಯೇ ದಡ ಹತ್ತಿದೆ. ಕಾಡಲ್ಲಿ ದೋಣಿ ಹೊತ್ತು ನಡೆದಿದಾನೆ."

"ಹೊರಡೋ ಮುಂಚೆ ಸುಮ್ನೆ ಪ್ಲಾನ್ ಹಾಕಿದ್ದಿರಬಹುದಲ್ಲ, ಅಂಕಲ್?"

"ಇರಬಹುದು. ಆದ್ರೆ ಅಬ್ಬಿ ದಾಟಿದ ಮೇಲೆ ಇಲ್ಲೇನೋ ಬರೆದಿದೆ. ಕನ್ನಡ ಅಕ್ಷರ. ಜೆವಾಣ್, ಹನ್ನೆರಡು ನಲವತ್ತು. ಹಾಗಂದ್ರೇನು?"

"ಕೊಂಕಣಿ, ಅಂಕಲ್. ಊಟ ಅಂತ."

"ನಿಮಿಷ ಸಮೇತ ಯಾರೂ ಪ್ಲಾನ್ ಬರೆಯಲ್ಲಮ್ಮ. ಇಲ್ಲಿ ಕೂತು ಊಟ ಮಾಡಿದಾನೆ." ಅವರ ಬೆರಳು ಮುಂದಕ್ಕೆ ಸರಿದು ದೊಡ್ಡ ಸರೋವರದ ನಡುವೆ ನಿಂತಿತು. "ಗೆರೆ ಇಲ್ಲಿಗೆ ಮುಗಿದಿದೆ. ಇಷ್ಟು ಅಗಲದ ನೀರಲ್ಲಿ ಗಾಳಿ ಎದ್ರೆ ಯಾರೇನು ಮಾಡಕ್ಕಾಗುತ್ತೆ?"

ಇಡಾ ಅಲ್ಲಿಯೇ ಮುಖ ಮುಚ್ಚಿಕೊಂಡು ಅತ್ತಳು. ಸತ್ಯನಾರಾಯಣರು ನಕ್ಷೆಯನ್ನು ಅದರ ಹಳೆಯ ಮಡಿಕೆಗಳಂತೆಯೇ ಮಡಿಸಿಟ್ಟರು.

ಸಿಡ್ನಿಗೆ ಮರಳಿದ ಸಂಜೆ ಅವಳು ಮಂಗಳೂರಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಈಗ ಗೊತ್ತಾಗಿ ಏನು ಬಂತು, ಇಡಾ?" ಎಂದಳು ಜೊವಾನಿಟಾ. ಆಮೇಲೆ ಅವಳೇ ಕೇಳಿದಳು, "ಎಷ್ಟು ಗಂಟೆಗೆ ಊಟ ಮಾಡಿದ ಅಂದಿ?"

"ಹನ್ನೆರಡು ನಲವತ್ತಕ್ಕೆ."

"ಹಸಿವು ತಡೆಯುವವನೇ ಅಲ್ಲ ಅವನು..." ಎನ್ನುವಾಗಲೇ ದನಿ ಒಡೆಯಿತು, ಫೋನ್ ಕಾರ್ಡಿನ ದುಡ್ಡು ಮುಗಿದು ಲೈನ್ ಕಡಿಯಿತು.

ಇಡಾ ಚಪ್ಪಲಿ ಮೆಟ್ಟಿಕೊಂಡು, ಹೊಸ ಕಾರ್ಡ್ ತರಲು ಸ್ಟೇಷನ್ ಪಕ್ಕದ ಅಂಗಡಿಗೆ ಹೊರಟಳು.