ಹೊಲಿದ ಎದೆ

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಎದೆಯ ಹುಣ್ಣಿಗೆ ಸೂಜಿ-ದಾರ ಬೇಕು. ಗಾದೆ ಹೀಗಿಲ್ಲವಲ್ಲ ಎಂದು ಹುಬ್ಬೇರಿಸಬೇಡಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ; ನನ್ನ ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಮೈಮೇಲೆ ಹೊಲಿಗೆ ಹಾಕಿಸಿಕೊಂಡವನ ಮಾತು, ನಂಬಿ.

ನಾನು ಒಂದು ಸಿ.ಟಿ. ಸ್ಕ್ಯಾನ್ ಫಿಲ್ಮು. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ಬೆಳಕು ಕಾಣದ ಪೆಟ್ಟಿಗೆಯಲ್ಲಿ ಒಡಹುಟ್ಟಿದವರ ಜೊತೆ ಮಲಗಿಕೊಂಡೇ ಗದಗಿಗೆ ಬಂದೆ. ಯಾರ ಪಾಲಿಗೆ ಏನು ಬರುತ್ತದೋ ಎಂಬುದೊಂದೇ ಆ ಪೆಟ್ಟಿಗೆಯೊಳಗಿನ ಹರಟೆ. ಒಬ್ಬನಿಗೆ ಮೊಣಕಾಲು, ಇನ್ನೊಬ್ಬನಿಗೆ ಕಲ್ಲು ತುಂಬಿದ ಹೊಟ್ಟೆ. ನನ್ನ ಹಣೆಯಲ್ಲಿ ಎದೆ ಬರೆದಿತ್ತು. ಸ್ಕ್ಯಾನ್ ಸೆಂಟರಿನ ಯಂತ್ರ ನನ್ನನ್ನು ನುಂಗಿ, ಬೆಚ್ಚಗೆ ಮಾಡಿ, ಆಚೆ ಉಗುಳಿದಾಗ ನನ್ನ ಮೈತುಂಬ ಚೌಕ ಚೌಕ ಚಿತ್ರಗಳಿದ್ದವು. ಒಬ್ಬ ಮನುಷ್ಯನ ಎದೆಯನ್ನು ಸೌತೆಕಾಯಿಯ ಹಾಗೆ ಬಿಲ್ಲೆ ಬಿಲ್ಲೆ ಹೆಚ್ಚಿ ಸಾಲಾಗಿ ಜೋಡಿಸಿದಂತೆ.

ಆ ಎದೆಯ ಯಜಮಾನ ಚನ್ನವೀರಪ್ಪ. ಗದಗ ಸೀಮೆಯ ಒಂದು ಸಣ್ಣ ಊರಿನವನು. ಊರಲ್ಲಿ ಅವನು ಮೈಕ್ ಚನ್ನವೀರಪ್ಪ. ನಾಟಕ ಬಂದರೆ, ಹೊಸ ಬಟ್ಟೆ ಅಂಗಡಿ ತೆರೆದರೆ, ಯಾರಾದರೂ ತೀರಿಕೊಂಡರೆ, ಗೆಳೆಯ ದಾದಾಪೀರನ ಆಟೋದ ಹಿಂದಿನ ಸೀಟಿನಲ್ಲಿ ಕೂತು ಓಣಿ ಓಣಿ ಸಾರುವುದು ಅವನ ಕೆಲಸ. ಅವನ ಗಂಟಲಲ್ಲಿ ಅರ್ಧ ಊರು ಬಾಡಿಗೆಗಿತ್ತು. ತಹಶೀಲ್ದಾರರ ಹಾಗೆ ಗದರುವನು, ಸ್ವಾಮಿಗಳ ಹಾಗೆ ಹರಸುವನು, ಹಂದಿಯ ಹಾಗೆ ಗುಟುರು ಹಾಕುವನು. ಒಮ್ಮೆ ಪುರಸಭೆಯ ಮುಖ್ಯಾಧಿಕಾರಿಯ ದನಿಯಲ್ಲಿ 'ನಾಳೆ ನಸುಕಿಗೆ ನಳದಾಗ ನೀರು ಬಿಡತೀವಿ' ಎಂದು ಸಾರಿ, ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ನಿಂತಾಗ ಬಾಗಿಲ ಸಂದಿಯಲ್ಲಿ ನಕ್ಕವನು. ಎರಡು ದನಿಗಳ ನಡುವೆ ಅವನ ಬಾಯಲ್ಲಿ ಸದಾ ಬೀಡಿ.

ಹುಬ್ಬಳ್ಳಿಯ ಲೇಡಿ ಡಾಕ್ಟರ್ ನಾಡಗೌಡ ಬಾಯಿಯವರು ಶ್ವಾಸಕೋಶದ ತಪಾಸಣೆಯ ಶಿಬಿರ ಇಟ್ಟುಕೊಂಡಾಗ ಅದನ್ನು ಸಾರಿದವನೂ ಅವನೇ. 'ಐವತ್ತು ದಾಟಿದವರು, ವರ್ಷಾನುಗಟ್ಟಲೆ ಬೀಡಿ-ಸಿಗರೇಟು ಸೇದಿದವರು ಬರ್ರಿ! ಕೆಮ್ಮಿಲ್ಲದಿದ್ರೂ ಬರ್ರಿ! ಕೆಮ್ಮು ಬರೂಕಿಂತ ಮೊದಲ ನೋಡೂದಕ್ಕನ ತಪಾಸಣೆ ಅಂತಾರ!' ಹೀಗೆ ಸಾರಿ, ಮೈಕು ಆರಿಸಿ, ಬೀಡಿ ಹಚ್ಚಿದನಂತೆ. ಶಿಬಿರಕ್ಕೆ ಜನ ಬರಲಿಲ್ಲ. "ಬಾಕಿದವರನ್ನ ಕರದು ಸಾಕಾತು, ನೀವ ಮಲಕೋರಿ," ಎಂದು ಬಾಯಿಯವರು ಅವನನ್ನೇ ಗದಗಿನ ಯಂತ್ರದೊಳಗೆ ತಳ್ಳಿಸಿದರು. ಕಡಿಮೆ ಕಿರಣದ ಸ್ಕ್ಯಾನು, ಉಸಿರು ಹಿಡಿದು ಬಿಡುವಷ್ಟರಲ್ಲಿ ಮುಗಿಯಿತು. ಹಾಗೆ ನಾನು ಅವನವನಾದೆ.

ಬಾಯಿಯವರು ನನ್ನನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಬರೆದರು.

"ಇಲ್ಲಿ ನೋಡ್ರಿ. ಬಲಗಡೆ ಮ್ಯಾಲೆ. ತೊಗರಿ ಕಾಳಿನಷ್ಟು ಗಂಟು."

"ಮಳಿ ಇಲ್ಲದ ಬೆಳಿ ಬಂದೈತಿ ಅನ್ರಿ," ಅಂದ ಚನ್ನವೀರಪ್ಪ.

ಅವರು ನಗಲಿಲ್ಲ. "ಇಂಥಾ ಗಂಟು ಭಾಳ ಮಂದಿಗೆ ಇರ್ತಾವ. ಹಳೇ ಟಿ.ಬಿ. ಕಲೆ ಇರಬಹುದು. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದ್ರ ಒಂದ ಸಲ ನೋಡಿ ಹೇಳಾಕ ಬರೂದಿಲ್ಲ. ಆರು ತಿಂಗಳಿಗೆ ಮತ್ತ ಬರ್ರಿ. ಇದ್ದಷ್ಟ ಇದ್ರ ಚಿಂತಿಲ್ಲ, ಬೆಳದಿದ್ರ ಮುಂದಿನ ವಿಚಾರ. ಈ ಫಿಲ್ಮ್ ಜ್ವಾಕಿ. ಹೊಸಾದನ್ನ ಅಳಿಯಾಕ ಹಳೇದು ಬೇಕು."

ಮನೆಗೆ ಬಂದು ಅವನು ಹೆಂಡತಿ ಶಂಕ್ರವ್ವನ ಮುಂದೆ ನಿಂತು ಬಾಯಿಯವರ ದನಿ ತೆಗೆದ. ಅದೇ ಗತ್ತು, ಅದೇ ಕನ್ನಡಕ ಸರಿಪಡಿಸುವ ಭಂಗಿ. "ಹೆಚ್ಚಿನವು ಕ್ಯಾನ್ಸರ್ ಅಲ್ಲ!" ದನಿ ಪೂರ್ತಿ ಬಾಯಿಯವರದು, ಮಾತು ಮಾತ್ರ ಅರ್ಧ. ಉಳಿದರ್ಧವನ್ನು ಅವನು ಗಂಟಲಲ್ಲೇ ಇಟ್ಟುಕೊಂಡ. ದನಿ ಅಷ್ಟು ನಿಜವಾಗಿತ್ತಾದ್ದರಿಂದ ಶಂಕ್ರವ್ವ ನಂಬಿದಳು. ಓಣಿಗೆಲ್ಲ ಪೇಡೆ ಹಂಚಿದರು. ನನ್ನ ಜೊತೆ ಬಂದ ವರದಿಯ ಹಾಳೆಯಲ್ಲಿ ಎರಡು ದಿನಕ್ಕೇ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ನಾನು ಕಪಾಟಿನ ಮೇಲೆ ಹೋದೆ.

ಅಲ್ಲಿಂದ ಮನೆ ಚೆನ್ನಾಗಿ ಕಾಣುತ್ತಿತ್ತು. ಶಂಕ್ರವ್ವ ಕೌದಿ ಹೊಲಿಯುವವಳು. ಹಳೆ ಸೀರೆ, ಹರಕು ಧೋತರ, ಯಾರದೋ ಅಂಗಿಯ ತೋಳು ಎಲ್ಲವೂ ಅವಳ ಕೈಯಲ್ಲಿ ಒಂದೇ ಹೊದಿಕೆಯಾಗುತ್ತಿದ್ದವು. ಗಂಡನ ಅಣಕಕ್ಕೆ ಊರೆಲ್ಲ ನಕ್ಕರೂ ಅವಳು ನಕ್ಕಿದ್ದನ್ನು ನಾನು ಕಾಣೆ. ಆದರೆ ಅವನು ಕನ್ನಡಿಯ ಮುಂದೆ ದನಿ ತಿದ್ದಿಕೊಳ್ಳುವಾಗ, ತಲೆ ಬಗ್ಗಿಸಿ ಹೊಲಿಯುವ ಅವಳ ತುಟಿಯೂ ಸಣ್ಣಗೆ ಅಲುಗುತ್ತಿತ್ತು. ಅವನಿಗೆ ಅದು ಕಾಣಲಿಲ್ಲ. ಮೇಲೆ ಕೂತವನಿಗೆ ಕಂಡಿತು.

ಆರು ತಿಂಗಳು ಬಂತು, ಹೋಯಿತು. ಚನ್ನವೀರಪ್ಪ ಕೋಣೆಗೆ ಬಂದಾಗಲೆಲ್ಲ ಎಲ್ಲ ಕಡೆ ನೋಡುವನು, ಕಪಾಟಿನ ಮೇಲೆ ಮಾತ್ರ ನೋಡನು.

ಆಮೇಲೆ ಸೂರ್ಯಗ್ರಹಣ ಬಂತು. ಗ್ರಹಣ ಅಂದರೆ ನಮ್ಮ ಕುಲಕ್ಕೇ ಕಂಟಕ. ಊರಲ್ಲಿ ಯಾರ ಮನೆಯಲ್ಲಿ ಎಲುಬಿನ, ಎದೆಯ ಫಿಲ್ಮಿದ್ದರೂ ಅವತ್ತು ಕತ್ತರಿ ಹೊರಗೆ ಬರುತ್ತದೆ. ಕರಿ ಫಿಲ್ಮು ಕಣ್ಣಿಗಡ್ಡ ಹಿಡಿದರೆ ಸೂರ್ಯ ತಣ್ಣಗೆ ಕಾಣುತ್ತಾನಂತೆ. ಕಣ್ಣಿಗೆ ಅದು ಕೇಡು. ಹೇಳೋಣವೆಂದರೆ ನನಗೆ ಬಾಯಿಲ್ಲ. ಚನ್ನವೀರಪ್ಪ ಕಟ್ಟೆಯ ಮೇಲೆ ಕೂತು, "ಬರ್ರಿ, ನನ್ನ ಎದಿಯಾಗ ಸೂರ್ಯನ್ನ ನೋಡ್ರಿ!" ಎಂದು ಕರೆದು ನನ್ನನ್ನು ಚೌಕ ಚೌಕವಾಗಿ ಕತ್ತರಿಸಿದ. ಆದರೆ ಮೊದಲ ಕತ್ತರಿ ಬಿದ್ದದ್ದು ಅಂಚಿಗಲ್ಲ, ನಡುವೆ ಇದ್ದ ಕೆಂಪು ಸುತ್ತಿನ ಚೌಕಕ್ಕೆ. ಕೆಂಪು ಗೆರೆಗೆ ಕತ್ತರಿ ತಾಗದ ಹಾಗೆ ಅದನ್ನು ಬಿಡಿಸಿದ. ಉಳಿದ ತುಂಡುಗಳು ಓಣಿಯ ಕೈಗಳಿಗೆ ಹೋದವು. ಆ ಒಂದನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ತುಂಡಾದ ಮೇಲೆ ನಾನು ಹಲವು ಮನೆಗಳಲ್ಲಿ ಬಾಳಿದೆ. ಗಿರಣಿಯವರ ಮನೆಯ ಗೋಡೆ ಗಡಿಯಾರದ ಒಡೆದ ಗಾಜಿಗೆ ತೇಪೆಯಾದೆ. ಟೀಚರ ಮನೆಯಲ್ಲಿ ಪುಸ್ತಕದ ಗುರುತಾದೆ. ಆದರೆ ನನ್ನ ಜೀವ ಇದ್ದದ್ದು ಆ ಕೆಂಪು ಸುತ್ತಿನ ಚೌಕದಲ್ಲಿ. ಅದು ಮರುದಿನವೇ ದಾದಾಪೀರನ ಆಟೋ ಸೇರಿತು. ಹಿಂದಿನ ಸೀಟಿನ ಪಕ್ಕದ ರೆಕ್ಸಿನ್ ಪರದೆಯಲ್ಲಿ ಒಂದು ಪ್ಲಾಸ್ಟಿಕ್ ಕಿಟಕಿ ಹರಿದಿತ್ತು. ಚನ್ನವೀರಪ್ಪ ನನ್ನನ್ನು ಅಲ್ಲಿ ಅಂಟಿಸಿ, ಮೇಲೆ ತನ್ನ ಟವೆಲ್ ಇಳಿಬಿಟ್ಟ. "ಬಿಸಲ ಹೊಡಿತೈತೋ," ಅಂದ. ರಸ್ತೆಯ ಮೇಲೆ ಕಣ್ಣಿಟ್ಟಿದ್ದ ದಾದಾಪೀರ ಹೂಂಗುಟ್ಟಿದ. ಅಂದಿನಿಂದ ಪ್ರತಿ ದಿನ ಚನ್ನವೀರಪ್ಪ ತನ್ನ ಗಂಟಿಗೆ ಬೆನ್ನು ಕೊಟ್ಟು ಕೂತು ಊರಿನ ಸುದ್ದಿ ಸಾರಿದ.

ಮರುವರ್ಷ ಶಿಬಿರ ಮತ್ತೆ ಬಂತು. ಸಾರಲು ಹೇಳಬಂದ ನಾಡಗೌಡ ಬಾಯಿಯವರು ಅವನನ್ನು ನೋಡಿದ್ದೇ ಮೊದಲು ಕೇಳಿದ್ದು, "ನಿಮ್ಮ ಫಿಲ್ಮ್ ಎಲ್ಲಿ?" ಅವನನ್ನು ಹುಬ್ಬಳ್ಳಿಗೆ ಕರೆಸಿ ಹೊಸ ಸ್ಕ್ಯಾನ್ ಮಾಡಿಸಿದರು. ಅವತ್ತು ಸಂಜೆ ಬಸ್ಸಿಳಿದು ಆಟೋ ಹತ್ತಿದ ಚನ್ನವೀರಪ್ಪ, ಕರೆದೊಯ್ಯಲು ಬಂದು ಎದುರು ಕೂತ ಶಂಕ್ರವ್ವನಿಗೆ ಬಾಯಿಯವರ ದನಿಯಲ್ಲಿ ಎಲ್ಲ ಹೇಳಿದ. ಈ ಸಲ ಒಂದು ಮಾತೂ ನುಂಗಲಿಲ್ಲ.

"'ಗಂಟು ದೊಡ್ಡದಾದಂಗ ಕಾಣತೈತಿ. ಆದ್ರ ನನ್ನ ನೆನಪಿನ ಮ್ಯಾಲೆ ಎದಿ ಕೊಯ್ಯಾಕ ಆಗೂದಿಲ್ಲ. ಅದು ಇರೂ ಜಾಗಾ ತ್ರಾಸಿಂದು. ಬೆಳದಿಲ್ಲಂದ್ರ ಸೂಜಿ ಚುಚ್ಚೂದ ಬ್ಯಾಡ, ಬೆಳದಿದ್ರ ತಡಾ ಮಾಡೂದ ಬ್ಯಾಡ. ಗದಗಿನ ಸೆಂಟರ್ ಮುಚ್ಚೇತಿ, ಅವರ ಕಂಪ್ಯೂಟರೂ ಹೋಗೇತಿ. ಹಳೇ ಫಿಲ್ಮ್ ತರ್ರಿ.'"

ಶಂಕ್ರವ್ವ, "ಹ್ವಾದ ವರ್ಷ ಇಷ್ಟೂ ಅಂದಿದ್ರೇನು?" ಎಂದಳು. ಅವನು ಟವೆಲ್ಲಿಗೆ ಇನ್ನಷ್ಟು ಒತ್ತಿ ಕೂತ. ಇಲ್ಲೇ ಇದ್ದೇನಲ್ಲ, ನಿನ್ನ ಬೆನ್ನ ಹಿಂದೆಯೇ, ಎಂದು ನಾನು ಒದ್ದಾಡಿದೆ. ಒದ್ದಾಡಲು ಗಾಳಿ ಬೇಕು. ಅವನ ಬೆನ್ನು ಗಾಳಿಗೂ ಜಾಗ ಬಿಟ್ಟಿರಲಿಲ್ಲ.

"ಸಾರ್ರಿ," ಅಂದಳು ಶಂಕ್ರವ್ವ. "ಊರ ಮಂದೀದೆಲ್ಲ ಸಾರಿದ್ರಿ. ಈಗ ನಿಮ್ಮದು ಸಾರ್ರಿ."

ಮಾರನೆಯ ದಿನ ಸಾರಿದ. "ಮಾನ್ಯ ಮಹಾಜನರಲ್ಲಿ ವಿಜ್ಞಾಪನೆ! ಗ್ರಹಣದ ದಿನ ಹಂಚಿದ ನನ್ನ ಎದೆಯ ತುಂಡುಗಳು ವಾಪಸ್ ಬೇಕಾಗ್ಯಾವ. ಇದು ಚ್ಯಾಷ್ಟಿ ಅಲ್ಲರಿ. ನನಗ ಕ್ಯಾನ್ಸರ್ ಇರಬಹುದರಿ." ಓಣಿ ಓಣಿ ಬಿದ್ದು ಬಿದ್ದು ನಕ್ಕಿತು. "ಎದಿ ಕಳಕೊಂಡಾನಂತ ಮೂಳ!" "ಯಾರ ದನಿಯೋ ಇದು, ಅಳೂದು ಥೇಟ್ ಹಂಗ ಐತಿ ನೋಡು!" ಹಿಂದೆ ನಳದ ನೀರಿಗೆಂದು ಕೊಡ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ಬಾಗಿಲಿಗೇ ಬರಲಿಲ್ಲ. ಒಂದು ತುಂಡೂ ಬರಲಿಲ್ಲ.

ಆಗ ಶಂಕ್ರವ್ವ ಚಪ್ಪಲಿ ಮೆಟ್ಟಿದಳು. ಅವಳು ಒಂದು ಬಾಗಿಲಲ್ಲೂ ಅಳಲಿಲ್ಲ, "ಖರೇನ ಐತ್ರಿ, ಚ್ಯಾಷ್ಟಿ ಅಲ್ಲ" ಅಂತಷ್ಟೇ ಅಂದಳು. ಜನ ಗಡಿಯಾರದಿಂದ ಕಿತ್ತು ಕೊಟ್ಟರು, ಪುಸ್ತಕದಿಂದ ತೆಗೆದು ಕೊಟ್ಟರು, ನಕ್ಕಿದ್ದಕ್ಕೆ ಕೈ ಮುಗಿದು ಕೊಟ್ಟರು. ಮನೆಗೆ ತಂದು, ಅಂಚಿಗೆ ಅಂಚು ಕೂಡಿಸಿ, ಚಿತ್ರದ ಮೇಲೆ ಸೂಜಿ ತಾಗದ ಹಾಗೆ ಕೌದಿಯ ಹೊಲಿಗೆ ಹಾಕಿದಳು. ನಾನು ಮತ್ತೆ ಒಬ್ಬನಾದೆ. ನಡುವೆ ಮಾತ್ರ ಒಂದು ಚೌಕ ಖಾಲಿ.

ಅದನ್ನು ಹುಡುಕಲು ಕೊನೆಯ ಓಣಿಗೆ ಹೊರಟ ಸಂಜೆ ಚನ್ನವೀರಪ್ಪ ಚಹಾಕ್ಕೆಂದು ಇಳಿದಿದ್ದ. ಶಂಕ್ರವ್ವ ಅವನ ಜಾಗದಲ್ಲಿ ಕೂತಳು. ಮುಖದ ಬೆವರೊರೆಸಲು ಟವೆಲ್ ಎಳೆದಳು. ಇಳಿಬಿಸಿಲು ನನ್ನೊಳಗೆ ಹಾಯ್ದು ಅವಳ ಸೆರಗಿನ ಮೇಲೆ ಬಿತ್ತು. ಮಸುಕು ಪಕ್ಕೆಲುಬು, ಮಾಸಿದ ಕೆಂಪು ಸುತ್ತು, ಅದರ ನಡುವೆ ಒಂದು ಕಾಳು.

ಚನ್ನವೀರಪ್ಪ ಬಂದವನು ಅವಳ ಸೆರಗು ನೋಡಿದ.

"ಇದರ ಮ್ಯಾಲ ಕುಂತು ಇದನ್ನ ಹುಡುಕಿದ್ರಿ," ಅಂದಳು.

"ಮನಿಯಾಗಿದ್ರ ನಿನಗ ಕಾಣತಿತ್ತು. ಕಸಕ್ಕ ಒಗ್ಯಾಕ ಹ್ವಾದ್ರ, ನನ್ನ ನಾನ ಒಗದಂಗ ಆಕ್ಕಿತ್ತು. ಹೆದರಿಕಿ ಆಗಿತ್ತ, ಶಂಕ್ರಿ."

ಯಾರ ದನಿ ಇದು ಎಂದು ಒಂದು ಕ್ಷಣ ತಿಳಿಯಲಿಲ್ಲ. ಅವನದೇ. ಅಷ್ಟು ದಿನದಲ್ಲಿ ನಾನು ಅದನ್ನು ಕೇಳಿದ್ದು ಅಂದೇ ಮೊದಲು.

ಹುಬ್ಬಳ್ಳಿಯ ದೀಪದ ಪೆಟ್ಟಿಗೆಯ ಮೇಲೆ, ಕೆಂಪು-ಹಸಿರು ದಾರ ಇಳಿಬಿಟ್ಟುಕೊಂಡು, ಹೊಸ ಫಿಲ್ಮಿನ ಪಕ್ಕ ನಿಂತೆ. ಹೊಸಬ ನನ್ನ ವೇಷ ನೋಡಿ ಮುಖ ಸಿಂಡರಿಸಿದ. ಬಾಯಿಯವರು ಇಬ್ಬರ ಮೇಲೂ ಅಳತೆಪಟ್ಟಿ ಇಟ್ಟರು. ತೊಗರಿ ಅವರೆಯಾಗಿತ್ತು. ಬೆಳೆದದ್ದಕ್ಕೆ ಸಂತೋಷಪಡದ ಬೆಳೆ ಅದೊಂದೇ ಇರಬೇಕು. ಸೂಜಿ ಚುಚ್ಚಿ ನೋಡಿದರು, ಕ್ಯಾನ್ಸರೇ. ಬಲಗಡೆಯ ಶ್ವಾಸಕೋಶದ ಮೇಲಿನ ಭಾಗ ಕೊಯ್ದು ತೆಗೆದರು. ಹತ್ತಿರದ ಒಂದು ಗ್ರಂಥಿಗೂ ಚೂರು ಹಬ್ಬಿದ್ದರಿಂದ ನರಕ್ಕೆ ಔಷಧಿ ಹನಿಸಿದರು. ತಲೆಗೂದಲು ಹೋಯಿತು, ಬೀಡಿ ಹೋಯಿತು, ತಹಶೀಲ್ದಾರರು, ಸ್ವಾಮಿಗಳು, ಹಂದಿ ಎಲ್ಲರೂ ಗಂಟಲು ಖಾಲಿ ಮಾಡಿ ಹೋದರು. ಒಂದು ವಾಕ್ಯಕ್ಕೆ ಎರಡು ಉಸಿರು ಬೇಕಾಯಿತು.

"ಬಾಯಾರ, ಹೇಳಿದಾಗ ಬಂದಿದ್ರ...?" ಎಂದು ಒಮ್ಮೆ ಕೇಳಿದ.

"ಅದನ್ನ ಯಾವ ಫಿಲ್ಮೂ ಹೇಳೂದಿಲ್ಲ. ಇನ್ನ ಮ್ಯಾಲೆ ಹೇಳಿದಾಗ ಬರ್ರಿ. ಆರು ತಿಂಗಳಿಗೊಮ್ಮೆ ನೋಡಬೇಕು. ಮತ್ತ ಬಂದ್ರ ಲಗೂನ ಸಿಗಬೇಕು."

ನನಗೀಗ ವಯಸ್ಸಾಗಿದೆ. ಬಿಸಿಲು ತಿಂದ ನಡುವಿನ ಚೌಕ ಕಂದಿದೆ. ಟ್ರಂಕಿನಲ್ಲಿ ಎರಡು ಕೌದಿಗಳ ನಡುವೆ ಮಲಗಿರುತ್ತೇನೆ. ಕೌದಿಗಳು ನನ್ನನ್ನು ನೆಂಟನೆಂದೇ ತಿಳಿದಿವೆ. ನಮ್ಮ ಕುಲದ ಒಂದು ಕೊರತೆ ನನಗೆ ಅಲ್ಲೇ ಹೊಳೆದದ್ದು: ನಮ್ಮ ಮೇಲೆ ಮೂಡುವ ಪ್ರತಿಯೊಬ್ಬನೂ ಉಸಿರು ಬಿಗಿಹಿಡಿದವನೇ. ಹೆದರಿದ ಎದೆಯನ್ನಷ್ಟೇ ನಾವು ಬಲ್ಲೆವು.

ಎದೆ ಕೊಯ್ದ ಮೇಲಿನ ಮೊದಲ ಆರು ತಿಂಗಳ ಸ್ಕ್ಯಾನಿನ ಬೆಳಗು ಅದು. ಶಂಕ್ರವ್ವ ನನ್ನನ್ನು ಚೀಲಕ್ಕೆ ಹಾಕಿ ಹೊಸ್ತಿಲ ಬಳಿ ಇಟ್ಟು ಎಲ್ಲಿಗೋ ಹೋಗಿದ್ದಳು. ಚನ್ನವೀರಪ್ಪ ಗೋಡೆಗೆ ಮುಖ ಮಾಡಿ, ಎದೆಯ ಹೊಲಿಗೆಯ ಮೇಲೆ ದಿಂಬು ಅವುಚಿ ಮಲಗಿದ್ದ. ನಿನ್ನೆಯಿಂದ ಅವನದು ಒಂದೇ ಮಾತು: "ನಾ ಒಲ್ಲೆ. ಮುಂದಿನ ತಿಂಗಳ ನೋಡೂಣು."

ಆಗ ಓಣಿಯ ತುದಿಯಲ್ಲಿ ಆಟೋ ಸದ್ದಾಯಿತು. ಮೈಕು ಗೊರಗೊರ ಅಂದು ಬಾಯಿ ಬಿಟ್ಟಿತು.

"ಮಾನ್ಯ ಮಹಾಜನರಲ್ಲಿ ವಿಜ್ಞಾಪನೆ!"

ಚನ್ನವೀರಪ್ಪ ಕಣ್ಣು ತೆರೆದ. ಅದು ಅವನದೇ ದನಿ. ಕೊಯ್ಯುವುದಕ್ಕೆ ಮೊದಲಿನದು, ಎದೆ ತುಂಬ ಗಾಳಿಯಿದ್ದ ಕಾಲದ್ದು.

"ನಾನು, ನಿಮ್ಮ ಮೈಕ್ ಚನ್ನವೀರಪ್ಪ, ಇವತ್ತು ಹುಬ್ಬಳ್ಳಿಗೆ ಸ್ಕ್ಯಾನಿಗೆ ಹೊಂಟೇನಿ! ಹೆದರಿ ಹಾಸಿಗಿ ಬಿಟ್ಟು ಏಳವಲ್ಲೆ! ಹಿಂದ ನಳದ ನೀರು ಬರ್ತೈತಿ ಅಂತ ನಂಬಿ ಕೊಡ ಹಿಡಕೊಂಡು ನಿಂತವರೆಲ್ಲ, ಅದ ಕೊಡ ತಗೊಂಡು ನನ್ನ ಮನಿಗೆ ಬರ್ರಿ! ನಾ ಏಳಲಿಲ್ಲಂದ್ರ ತಲಿ ಮ್ಯಾಲ ಸುರುವ್ರಿ! ಇದು ಚ್ಯಾಷ್ಟಿ ಅಲ್ಲರಿ!"

ಓಣಿಯಲ್ಲಿ ಬಾಗಿಲುಗಳು ದಡದಡ ತೆರೆದವು. ಚನ್ನವೀರಪ್ಪ ದಿಂಬು ಹಿಡಿದುಕೊಂಡೇ ಎದ್ದ, ಗೋಡೆ ಹಿಡಿದು ಬಂದ, ನನ್ನನ್ನು ದಾಟಿ ಹೊಸ್ತಿಲಲ್ಲಿ ನಿಂತ. ಆಟೋ ಬಂದು ನಿಂತಿತು. ಒಳಗೆ ಅವನ ಸೀಟಿನಲ್ಲಿ ಅವನ ಟವೆಲ್ ಹೆಗಲಿಗೆ ಹಾಕಿ, ಮೈಕು ಹಿಡಿದು, ಅವನ ಹಾಗೆಯೇ ಕತ್ತು ಓರೆ ಮಾಡಿ ಕೂತವಳು ಶಂಕ್ರವ್ವ. ಹಿಂದೆ ಓಣಿಯ ಹೆಣ್ಣುಮಕ್ಕಳು, ಎಲ್ಲರ ಸೊಂಟದಲ್ಲೂ ತುಂಬಿದ ಕೊಡ.

"ಏಯ್, ನನ್ನ ದನಿ... ಕದ್ದೀಯಲ್ಲ!"

"ನೀವು ಬಿಟ್ಟಿದ್ರಿ. ಜ್ವಾಕಿ ಮಾಡಿದ್ನಿ," ಅಂದಳು ಅವಳು, ಅವನದೇ ದನಿಯಲ್ಲಿ. ದಾದಾಪೀರ ನಕ್ಕ. ಕೊಡಗಳು ತುಳುಕುವಷ್ಟು ಹೆಣ್ಣುಮಕ್ಕಳು ನಕ್ಕರು. ಶಂಕ್ರವ್ವ ಕೂಡ, ನಾನು ಕಂಡಂತೆ ಮೊದಲ ಸಲ, ನಕ್ಕಳು.

ಚನ್ನವೀರಪ್ಪ ಚೀಲ ಎತ್ತಿ ನನ್ನನ್ನು ಕಂಕುಳಲ್ಲಿ ಇರುಕಿಕೊಂಡ, ಎದೆಗೆ ದಿಂಬು ಒತ್ತಿದ, ಇದ್ದ ಅಷ್ಟಿಷ್ಟು ಉಸಿರನ್ನೆಲ್ಲ ಒಟ್ಟು ಮಾಡಿ ನಕ್ಕ. ನೋವಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಆಟೋದ ಕಂಬಿ ಹಿಡಿದು ಮತ್ತೆ ನಕ್ಕ. ಆ ಎದೆ ನನ್ನ ಪಕ್ಕದಲ್ಲೇ ಕುಣಿಯುತ್ತಿತ್ತು, ಬಿಗಿಹಿಡಿಯದೆ. ಇಡೀ ಓಣಿಯ ನಗುವಿಗಿಂತ ಅವನದೇ ಜೋರಾಗಿ ಕೇಳುತ್ತಿತ್ತು.