ಒಂದು ಸಲ ಒತ್ತಿದರೆ ಮೀನು

೧

ಎಲ್ಲಿಂದ ಶುರುಮಾಡಲಿ? ಕಾಡಿನಿಂದ ಶುರುಮಾಡಿದರೆ ಎರಡನೇ ಸಾಲಿಗೇ ಆಕಳಿಸುತ್ತೀರಿ. ಹಸಿರು, ಮಂಜು, ಹಕ್ಕಿಯ ಕೂಗು ಎಲ್ಲ ನಿಮಗೆ ಬಾಯಿಪಾಠ. ಸಮುದ್ರದಿಂದ ಎಂದರೆ ನನಗೆ ಈಜು ಬರುವುದಿಲ್ಲ. ಆದ್ದರಿಂದ ಒಂದು ಬಕೆಟ್ಟಿನಿಂದ ಶುರುಮಾಡುತ್ತೇನೆ.

ಬಚ್ಚಲುಮನೆಯಲ್ಲಿ ತುಂಬಿಟ್ಟ ಬಕೆಟ್ಟು. ಅದರೊಳಗೆ ಮುಖ ಅದ್ದಿ ಬಗ್ಗಿ ನಿಂತವಳು ಅತ್ತಿಗೆ. (ಯಾರ ಅತ್ತಿಗೆ ಎಂದರೆ, ಮುಂದೆ ಬರಲಿರುವ ನಾದಿನಿಯ ಅತ್ತಿಗೆ. ಸ್ವಲ್ಪ ತಾಳಿ.) ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಅವಳ ಸ್ವಂತ ಕನ್ನಡಕ ಎಷ್ಟು ದಪ್ಪವೆಂದರೆ, ತೆಗೆದಿಟ್ಟರೆ ಎದುರಿಗೆ ನಿಂತ ಗಂಡನೂ ಬಾಗಿಲೂ ಒಂದೇ. ಈಜುವವರ ಮಾಸ್ಕಿನ ಕೆಳಗೆ ಕನ್ನಡಕ ಕೂರುವುದಿಲ್ಲ. ಅದಕ್ಕೇ ತನ್ನ ಪವರಿನ ಎರಡು ಲೆನ್ಸುಗಳನ್ನು ತಾನೇ ಕತ್ತರಿಸಿ ಮಾಸ್ಕಿನ ಒಳಬದಿಗೆ ಅಂಟಿಸಿದ್ದಾಳೆ. ಪರೀಕ್ಷೆಗೆಂದು ಬಕೆಟ್ಟಿನ ತಳದಲ್ಲಿ ಒಂದು ಚಮಚ.

"ಕಾಣ್ತಾ?" ಎಂದು ಗಂಡ ಕೇಳಿದ.

ಅವಳು ಮುಖ ಎತ್ತಿದಳು. "ಹಿಡಿ ಮೇಲಿನ ಗೀಟು ಕೂಡ ಕಾಣ್ತಿದೆ ರೀ."

೨

(ಮೊದಲ ಕರಡಿನಲ್ಲಿ ಈ ಗಂಡ ತೀರಿಕೊಂಡಿದ್ದ. ಅವನ ನೆನಪಿಗೆಂದು ಅವಳು ಪ್ರವಾಸ ಹೊರಟಿದ್ದಳು. ಬರೆಯುತ್ತ ನಾನೇ ಎರಡು ಸಲ ಮೂಗು ಒರೆಸಿಕೊಂಡಿದ್ದೆ. ಅತ್ತಿಗೆ ಬಿಡಬೇಕಲ್ಲ, ಹಾಳೆಯೊಳಗಿಂದಲೇ ತಲೆಯೆತ್ತಿ ನನ್ನನ್ನು ಕೇಳಿದಳು.

"ಅವರನ್ನ ಯಾಕ್ರೀ ಸಾಯಿಸ್ತೀರಿ? ದೋಣಿ ಹತ್ತಿದ್ರೆ ವಾಂತಿ ಆಗುತ್ತೆ ಅಂತ ಮನೇಲಿದ್ದಾರೆ, ಅಷ್ಟೇ. ನಾನು ಹೊರಟಿರೋದು ಆಮೆ ನೋಡೋಕೆ."

ಆ ಸಾಲುಗಳನ್ನು ಹೊಡೆದು ಹಾಕಿದೆ. ಗಂಡ ಈಗ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಾನೆ.)

೩

ಆಮೆಯೇ ಯಾಕೆ ಎಂದು ನಾನೂ ಕೇಳಿದೆ. ಕನ್ನಡಕ ಬರುವವರೆಗೆ, ಚಿಕ್ಕವಳಿದ್ದಾಗ, ಮರವೆಂದರೆ ಒಂದು ಹಸಿರು ಮುದ್ದೆ ಎಂದೇ ಅವಳು ತಿಳಿದಿದ್ದಳು. ಕನ್ನಡಕ ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿದ ದಿನ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಂಡು ಅಲ್ಲೇ ನಿಂತು ಅತ್ತಿದ್ದಳು. ಅಂಥದ್ದು ಇನ್ನೊಂದು ಸಲ ಆಗಬೇಕು, ನೀರೊಳಗೆ, ಒಂದು ದೊಡ್ಡ ಜೀವವನ್ನು ಅಂಚಿನವರೆಗೂ ನೋಡಬೇಕು ಎಂಬುದು ಅವಳ ಆಸೆ. ಆಮೆ ನಿಧಾನವಾದ್ದರಿಂದ ನೋಡಿ ಮುಗಿಸಬಹುದು ಎಂಬ ಲೆಕ್ಕಾಚಾರವೂ ಇತ್ತು.

ಹಾಗೆ ಅವಳೂ ನಾದಿನಿಯೂ ಬಸ್ಸು, ಜೀಪು, ಮತ್ತೆ ದೋಣಿ ಹತ್ತಿ, ಹಿಂದೆ ಕಾಡು, ಮುಂದೆ ಆಮೆ, ಮೀನುಗಳಿಗೆಂದು ಕಾಯ್ದಿಟ್ಟ ಸಾಗರ ಉದ್ಯಾನವಿರುವ ಆ ಜಾಗಕ್ಕೆ ಬಂದರು. ಕಾಡಿನಲ್ಲಿ ಸಿಕ್ಕಿದ್ದು ಮಳೆ ಮತ್ತು ಜಿಗಣೆ. ದೊಡ್ಡ ಕೊಕ್ಕಿನ ಹಕ್ಕಿಯೊಂದನ್ನು ನಾದಿನಿ "ಅಗೋ, ಅಗೋ" ಎಂದು ತೋರಿಸುವಷ್ಟರಲ್ಲಿ ಅದು ಹಾರಿಹೋಗಿತ್ತು.

"ಬೇಜಾರಾಯ್ತಾ ಅತ್ತಿಗೆ?"

"ಇಲ್ಲ ಕಣೇ. ಕೊಂಬೆ ಅಲ್ಲಾಡಿದ್ದು ಚೆನ್ನಾಗಿ ಕಾಣಿಸ್ತು."

ಆದರೆ ಸಮುದ್ರಕ್ಕೆ ಉಳಿದಿದ್ದು ಇದೊಂದೇ ದಿನ. ಆಮೆಗಳು ದಡಕ್ಕೆ ಬಂದು ಮೊಟ್ಟೆಯಿಡುವ ಕಾಲ. ನಾಳೆಯಿಂದ ತಿಂಗಳುಗಟ್ಟಲೆ ಉದ್ಯಾನ ಬಂದ್.

೪

ದೋಣಿ ನಿಂತಿತು. ದೋಣಿಯವನು ಹೇಳಿದ, "ಮಾಸ್ಕ್ ಒಳಗೆ ಸ್ವಲ್ಪ ಉಗುಳಿ ಒರೆಸ್ಕೊಳಿ ಅಮ್ಮಾ, ಮಬ್ಬಾಗಲ್ಲ."

ಲೆನ್ಸಿಗೆ ಉಗುಳುವುದೇ? ಬೆರಳು ತಾಗಿಸಿದರೂ ಸಹಿಸದವಳು ಅವಳು. ಮೆತ್ತನೆಯ ಬಟ್ಟೆ ತೆಗೆದು, ಹಾ ಎಂದು ಉಸಿರು ಬಿಟ್ಟು, ಗಿರಾಕಿಯ ಕೈಗೆ ಕೊಡುವ ಮುನ್ನ ಉಜ್ಜುವ ಹಾಗೆ ಗಟ್ಟಿಯಾಗಿ ಉಜ್ಜಿದಳು. ಬಲಗಡೆಯ ಲೆನ್ಸ್ ಟಪ್ಪೆಂದು ಕಿತ್ತು ಬಂದು, ದೋಣಿಯ ಅಂಚಿಗೆ ಬಡಿದು, ನೀರಿಗೆ ಬಿತ್ತು.

(ಇಲ್ಲಿ ನಾನು ದೊಡ್ಡ ಅಲೆಯೊಂದನ್ನು ತಂದಿದ್ದೆ. "ಅಲೆ ಮೇಲೆ ಹಾಕ್ಬೇಡಿ," ಎಂದಳು. "ನನ್ನ ಕೈಯೇ. ಅಭ್ಯಾಸ.")

೫

ಈಗ ಕಥೆ ನನ್ನ ಹಿಡಿತಕ್ಕೆ ಬಂತೆಂದು ಖುಷಿಯಾಯಿತು. ಅಂತ್ಯಗಳು ಸಿದ್ಧವಿದ್ದವು.

ದೋಣಿಯವನು ಮುಳುಗಿ ಲೆನ್ಸ್ ತರುತ್ತಾನೆ. ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಅವಳು ಅಳುತ್ತ ಮರಳುತ್ತಾಳೆ, ಕಾಣದೇ ಉಳಿದದ್ದೇ ಚೆಂದ ಎಂಬ ಪಾಠ ಕಲಿಯುತ್ತಾಳೆ. (ಇದು ನನಗೆ ಬಹಳ ಹಿಡಿಸಿತ್ತು. "ಆ ಪಾಠ ನೀವೇ ಇಟ್ಕೊಳ್ಳಿ" ಎಂದಳು.)

ಮೂರನೆಯದು: ನಾದಿನಿ ಶಾಲೆಯ ಬಸ್ಸು ಓಡಿಸುವವಳು, ಎರಡು ಕಣ್ಣೂ ಚುರುಕು. ಅತ್ತಿಗೆಯ ಕೈಹಿಡಿದು ಅವಳು ನೋಡಿ ಹೇಳಲಿ. ನೀರೊಳಗೆ ಮಾತಿಲ್ಲವಲ್ಲ, ಕೈ ಒಂದು ಸಲ ಒತ್ತಿದರೆ ಮೀನು, ಎರಡು ಸಲ ಒತ್ತಿದರೆ ಆಮೆ.

"ಇದು ಪರವಾಗಿಲ್ಲ," ಎಂದಳು ಅತ್ತಿಗೆ. "ಆದ್ರೆ ಒತ್ತೋದು ನಾನು."

"ನಿಮಗೆ ಕಾಣಲ್ಲವಲ್ಲಮ್ಮ?" ಎಂದೆ ನಾನು.

"ಎಡಗಡೆದು ಇದೆಯಲ್ಲ. ಇನ್ನೊಂದು ಕಣ್ಣು ಮುಚ್ಕೊಂಡ್ರಾಯ್ತು."

ಇದು ನನಗೆ ಹೊಳೆದೇ ಇರಲಿಲ್ಲ. ಎರಡು ಪುಟ ದುಃಖ ಬರೆದಿಟ್ಟಿದ್ದೆ.

೬

ಲೈಫ್ ಜಾಕೆಟ್ ತೊಟ್ಟು, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ ಇಬ್ಬರೂ ನೀರಿಗಿಳಿದರು. ನಾದಿನಿ ಎಂಥ ಟ್ರಾಫಿಕ್ಕಿಗೂ ಹೆದರದವಳು. ನೀರು ಮುಖಕ್ಕೆ ತಾಗಿದ್ದೇ ಚುರುಕಾದ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಇಬ್ಬರ ಪಾಲಿಗೂ ಉಳಿದಿದ್ದು ಅತ್ತಿಗೆಯ ಎಡಗಣ್ಣು.

ಮೊದಲು ಬರೀ ನೀಲಿ. ಆಮೇಲೆ ಒಂದು ಮುದ್ದೆ. ಮುದ್ದೆಗೆ ಕೊಂಬೆಗಳು ಬಂದವು, ಕೊಂಬೆಗಳಿಗೆ ತುದಿಗಳು ಬಂದವು. ಹವಳ. ಅದನ್ನು ಕಟಕಟ ಕಡಿಯುತ್ತಿದ್ದ ಮೀನಿನ ಮೈಮೇಲೆ ಒಂದೊಂದು ಹುರುಪೆಯೂ ಬೇರೆ ಬೇರೆಯಾಗಿ ಕಂಡಿತು, ಆವತ್ತಿನ ಎಲೆಗಳ ಹಾಗೆ. ಅವಳು ನಾದಿನಿಯ ಕೈ ಒತ್ತಿದಳು. ಕೊಂಚ ಹೊತ್ತಿಗೆ ಮತ್ತೊಂದು ಮೀನು, ಮತ್ತೆ ಒಂದೇ ಸಲ ಒತ್ತಿದಳು. ಬಕೆಟ್ಟು ತುಂಬಿಕೊಟ್ಟ ಗಂಡನಿಗೆ, ಹೆದರಿದರೂ ಕೈಬಿಡದ ಈ ಹುಡುಗಿಗೆ, ಕಿತ್ತುಹೋಗದೆ ಉಳಿದ ಲೆನ್ಸಿಗೆ, ಎಲ್ಲರಿಗೂ ಒಟ್ಟಿಗೆ ಥ್ಯಾಂಕ್ಸ್ ಹೇಳಬೇಕೆನ್ನಿಸಿತು. ಕೊಳವೆ ಮರೆತು ಹೇಳಿಯೂ ಬಿಟ್ಟಳು, ಒಂದು ಗುಟುಕು ಉಪ್ಪುನೀರು ಕುಡಿದಳು.

೭

ದೋಣಿಯವನು ಕರೆಯುತ್ತಿದ್ದಾನೆ. ಆಮೆ ಬಂತೆಂದು ಬರೆದೆ, ಅಳಿಸಿದೆ. ನಾನೇ ತಂದು ಬಿಟ್ಟ ಆಮೆಯನ್ನು ಅವಳು ಒಪ್ಪುವವಳಲ್ಲ. ಬರಲಿಲ್ಲವೆಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಇಷ್ಟು ದೂರ ನನ್ನನ್ನೂ ಕರೆತಂದವಳು ಅವಳು. ಕೊನೆಗೆ ಕೂಗಿದೆ, "ಬನ್ನಿ ಅಮ್ಮಾ, ಕಥೆ ಮುಗೀತು."

ಅವಳು ತಲೆಯೆತ್ತಿ ಕೊಳವೆ ತೆಗೆದಳು. "ನಿಮ್ಮದು ಮುಗಿದ್ರೆ ನೀವು ಹೊರಡಿ. ನಾನಿನ್ನೂ ನೋಡ್ತಿದ್ದೀನಿ."

ಮತ್ತೆ ಮುಖ ನೀರಿಗಿಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಮೈಯೆಲ್ಲ ಅಲುಗಾಟ ನಿಲ್ಲಿಸಿತು, ನಾದಿನಿಯ ಕೈ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ಒತ್ತಿದಳು.

ಒಂದು ಸಲ.

ನಾದಿನಿ ಕಣ್ಣು ಮುಚ್ಚಿಕೊಂಡೇ ಎರಡನೆಯದಕ್ಕೆ ಕಾಯುತ್ತಿದ್ದಾಳೆ. ದೋಣಿಯವನು ಹಗ್ಗ ಹಿಡಿದು ನಿಂತಿದ್ದಾನೆ. ನಾನು ಪೆನ್ನು ಎತ್ತಿದ್ದೇನೆ. ನೀವೂ ದಯವಿಟ್ಟು ಸ್ವಲ್ಪ ಸದ್ದು ಮಾಡದೆ ಇರಿ, ಕೈ ಇನ್ನೂ ಬಿಟ್ಟಿಲ್ಲ